ಹಗಲಿನ ಬಿಸಿಲು, ರಾತ್ರಿಯ ದೀಪ

ನಮ್ಮ ನಾಡಿನಲ್ಲಿ ಮಳೆಗೆ ಬರ ಬರುತ್ತೆ. ನೀರಿಗೆ ಬರ ಬರುತ್ತೆ. ಬಿಸಿಲಿಗೆ ಮಾತ್ರ ಬರವಿಲ್ಲ. ಅದು ಕರೆಯದೇ ಬರುವ ನೆಂಟ. ಬೆಳಿಗ್ಗೆ ಬರುತ್ತೆ, ಸಂಜೆ ಹೋಗುತ್ತೆ.

ಈ ಬಿಸಿಲಿನಲ್ಲಿ ನಾವು ಏನೇನು ಮಾಡ್ತೀವಿ? ರಾಗಿ ಒಣಗಿಸ್ತೀವಿ. ಹಪ್ಪಳ, ಸಂಡಿಗೆ ಇಡ್ತೀವಿ. ಮೆಣಸಿನಕಾಯಿ, ಕೊಬ್ಬರಿ ಒಣಹಾಕ್ತೀವಿ. ಈಗ ಅದೇ ಬಿಸಿಲಿನಿಂದ ಕರೆಂಟನ್ನೂ ಮಾಡ್ತೀವಿ.

ಆದರೆ ಒಂದು ತೊಡಕು ಇದೆ. ಬಿಸಿಲು ಇರುವಾಗ ದೀಪ ಬೇಡ. ದೀಪ ಬೇಕಾದಾಗ ಬಿಸಿಲು ಇಲ್ಲ. ಒಂದು ಮನೆಗೂ ಇದೇ ತೊಡಕು, ಇಡೀ ರಾಜ್ಯಕ್ಕೂ ಇದೇ ತೊಡಕು. ಈ ಪಾಠದಲ್ಲಿ ನಾವು ಅದನ್ನೇ ನೋಡೋಣ.

ಬಿಸಿಲು ಕರೆಂಟು ಆಗುವುದು ಹೇಗೆ?

ಸೋಲಾರ್ ಹಲಗೆಯನ್ನು ನಾವೆಲ್ಲ ನೋಡಿದ್ದೇವೆ. ಮೇಲೆ ಗಾಜು. ಗಾಜಿನ ಕೆಳಗೆ ನೀಲಿ ಅಥವಾ ಕಪ್ಪು ಬಣ್ಣದ ಬಿಲ್ಲೆಗಳು. ಈ ಬಿಲ್ಲೆಗಳು ಸಿಲಿಕಾನ್ ಎಂಬ ವಸ್ತುವಿನವು. ಸಿಲಿಕಾನ್ ಸಿಗುವುದು ಬೆಣಚುಕಲ್ಲಿನಿಂದ. ಹೊಲದಲ್ಲಿ ನಾವು ಆರಿಸಿ ಬದುವಿಗೆ ಎಸೆಯುವ ಬಿಳಿ ಕಲ್ಲಿನ ಜಾತಿಯದೇ ಅದು. ಅದನ್ನು ಕರಗಿಸಿ, ಬಹಳ ಶುದ್ಧ ಮಾಡಿ, ಹಪ್ಪಳಕ್ಕಿಂತ ತೆಳ್ಳಗೆ ಕತ್ತರಿಸುತ್ತಾರೆ. ಬೆಳಕು ಬಿದ್ದಾಗ ಬಿಲ್ಲೆಯಲ್ಲಿ ಕರೆಂಟು ಹುಟ್ಟುತ್ತೆ. ತಿರುಗುವ ಚಕ್ರ ಇಲ್ಲ, ಹೊಗೆ ಇಲ್ಲ, ಸದ್ದೂ ಇಲ್ಲ. ಕೆಲಸಕ್ಕೆ ಬರುವಂಥ ಇಂಥ ಬಿಲ್ಲೆಯನ್ನು ಮೊದಲು ಮಾಡಿದ್ದು ಅಮೆರಿಕದಲ್ಲಿ, 1954ರಲ್ಲಿ.

ಒಂದು ಮಾತು ನೆನಪಿರಲಿ. ಹಲಗೆಗೆ ಬೇಕಾದದ್ದು ಬೆಳಕು. ಬಿಸಿ ಅಲ್ಲ. ಹಲಗೆ ಬಹಳ ಕಾದರೆ ಕರೆಂಟು ಸ್ವಲ್ಪ ಕಡಿಮೆಯೇ ಆಗುತ್ತೆ. ಅದಕ್ಕೇ ಹಲಗೆಯನ್ನು ಹೆಂಚಿಗೆ ಅಂಟಿಸಿ ಇಡಬಾರದು. ಕೆಳಗೆ ಗಾಳಿ ಆಡುವಂತೆ ಸ್ಟ್ಯಾಂಡ್ ಮೇಲೆ ಇಡಬೇಕು. ನಮ್ಮ ಕಡೆ ಅದರ ಮುಖ ತೆಂಕಣಕ್ಕೆ, ಅಂದರೆ ದಕ್ಷಿಣಕ್ಕೆ ಇರಬೇಕು.

ಧೂಳು ಕೂತರೆ ಒರೆಸಬೇಕು. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಒರೆಸುವುದು ಒಳ್ಳೆಯದು. ನಡು ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜು ಬಿರುಕು ಬಿಡಬಹುದು. ತೆಂಗಿನ ಗರಿಯ ನೆರಳು ಬೀಳದ ಹಾಗೂ ನೋಡಬೇಕು. ಒಂದು ಮೂಲೆಗೆ ನೆರಳು ಬಿದ್ದರೆ ಆ ಮೂಲೆಯ ಕರೆಂಟು ಮಾತ್ರ ಹೋಗುತ್ತೆ ಅಂತ ನಾವು ತಿಳೀತೀವಿ. ಹಾಗಲ್ಲ. ಬಿಲ್ಲೆಗಳು ಸರದಲ್ಲಿ ಮಣಿ ಪೋಣಿಸಿದ ಹಾಗೆ ಒಂದಕ್ಕೊಂದು ಸೇರಿವೆ. ಒಂದು ಬಿಲ್ಲೆ ಸೋತರೆ ಆ ಸಾಲೇ ಸೋಲುತ್ತೆ.

ಬ್ಯಾಟರಿ ಎಂಬ ಹಗೇವು

ಸುಗ್ಗಿಯಲ್ಲಿ ಬೆಳೆದ ರಾಗಿಯನ್ನು ಒಂದೇ ದಿನ ತಿನ್ನುವುದಿಲ್ಲ. ಹಿಂದಿನವರು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬೇಕಾದಾಗ ತೆಗೆಯುತ್ತಿದ್ದರು. ಬ್ಯಾಟರಿಯೂ ಒಂದು ಹಗೇವು. ಹಗಲಿನ ಕರೆಂಟನ್ನು ರಾತ್ರಿಗೆ ಇಟ್ಟುಕೊಳ್ಳುವ ಜಾಗ.

ಹಳ್ಳಿಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಸೀಸದ ಬ್ಯಾಟರಿ. ಟ್ರ್ಯಾಕ್ಟರಿನಲ್ಲಿ ಇರುವುದೂ ಇದೇ ಜಾತಿ. ಒಳಗೆ ಸೀಸದ ತಗಡುಗಳು ಇರುತ್ತವೆ. ಅವು ಆಸಿಡ್ ಬೆರೆತ ನೀರಿನಲ್ಲಿ ಮುಳುಗಿರುತ್ತವೆ. ಹಗಲು ಹಲಗೆಯಿಂದ ಕರೆಂಟು ಬಂದಾಗ ತಗಡು ಮತ್ತು ಆಸಿಡ್ ನಡುವೆ ಒಂದು ರೀತಿ ಬದಲಾವಣೆ ಆಗುತ್ತೆ. ರಾತ್ರಿ ದೀಪ ಹಚ್ಚಿದಾಗ ಅದು ಹಿಂದುಮುಂದಾಗಿ ನಡೆದು ಕರೆಂಟು ಹೊರಗೆ ಬರುತ್ತೆ.

ಬ್ಯಾಟರಿಯನ್ನು ತಳದವರೆಗೆ ಬಳಸಿದರೆ ತಗಡಿನ ಮೇಲೆ ಬಿಳಿ ಪೊರೆ ಕಟ್ಟುತ್ತೆ. ಬೋರಿನ ನೀರು ಕಾಯಿಸಿದ ಹಂಡೆಯಲ್ಲಿ ಪೊರೆ ಕಟ್ಟುವುದಿಲ್ಲವೇ, ಹಾಗೆ. ಬೇಗ ಮತ್ತೆ ಚಾರ್ಜ್ ಆದರೆ ಪೊರೆ ಕರಗುತ್ತೆ. ಹಾಗೇ ಬಿಟ್ಟರೆ ಗಟ್ಟಿಯಾಗುತ್ತೆ. ಆಮೇಲೆ ಎಷ್ಟು ಬಿಸಿಲು ಬಿದ್ದರೂ ಬ್ಯಾಟರಿ ತುಂಬುವುದಿಲ್ಲ.

ಅದಕ್ಕೇ ಗೋಡೆಯ ಮೇಲೆ ಒಂದು ಚಿಕ್ಕ ಪೆಟ್ಟಿಗೆ ಇಟ್ಟಿರುತ್ತಾರೆ. ಅದರ ಹೆಸರು ಚಾರ್ಜ್ ಕಂಟ್ರೋಲರ್. ಅದು ಮನೆಯ ಯಜಮಾನಿ ಇದ್ದ ಹಾಗೆ. ಹಗೇವು ತುಂಬಿದರೆ ಸಾಕು ಅನ್ನುತ್ತೆ. ಬರಿದಾಗುತ್ತಾ ಬಂದರೆ ಕೆಂಪು ದೀಪ ತೋರಿಸುತ್ತೆ, ಆಮೇಲೆ ಕರೆಂಟು ನಿಲ್ಲಿಸುತ್ತೆ.

ಆಗ ನಾವು ಏನು ಮಾಡ್ತೀವಿ? ಧಾರಾವಾಹಿ ಇನ್ನೂ ಅರ್ಧ ಇದೆ. ಮನೆಯಲ್ಲಿ ಯಾರೋ ಒಬ್ಬರು ಎದ್ದು, ಪೆಟ್ಟಿಗೆಯನ್ನು ಬಿಟ್ಟು, ಬ್ಯಾಟರಿಗೇ ನೇರವಾಗಿ ವೈರ್ ಕೊಡ್ತಾರೆ. ಟೀವಿ ಬರುತ್ತೆ. ಎಲ್ಲರಿಗೂ ಖುಷಿ. ದಿನಾ ಹೀಗೇ ಮಾಡಿದರೆ ಐದು ವರ್ಷ ಬರಬೇಕಾದ ಬ್ಯಾಟರಿ ಒಂದೆರಡು ವರ್ಷಕ್ಕೇ ಸಾಯುತ್ತೆ. ಬ್ಯಾಂಕಿನ ಕಂತು ಇನ್ನೂ ಮುಗಿದಿರುವುದಿಲ್ಲ. ದೀಪ ಇಲ್ಲ, ಸಾಲ ಇದೆ. "ಈ ಸೋಲಾರ್ ಎಲ್ಲಾ ಮೋಸ" ಅಂತ ನಾವೇ ಊರಲ್ಲಿ ಹೇಳಿಕೊಂಡು ತಿರುಗ್ತೀವಿ.

ಸೀಸದ ಬ್ಯಾಟರಿಗೆ ಆಗಾಗ ನೀರು ಹಾಕಬೇಕು. ಯಾವ ನೀರು? ಒಬ್ಬ ಅಜ್ಜಿ ಮತ್ತು ರಿಪೇರಿ ಹುಡುಗನ ಮಾತು ಕೇಳಿ.

"ಏನಪ್ಪಾ, ನೀರು ಕಮ್ಮಿ ಆಗಿದೆ ಅಂತೀಯ. ಒಂದು ಚೊಂಬು ಹಾಕ್ಲಾ?"

"ಬೇಡ ಅಜ್ಜಿ, ಬೋರಿನ ನೀರು ಹಾಕಬೇಡಿ. ಅದರಲ್ಲಿ ಉಪ್ಪಿದೆ. ತಗಡು ಕೆಡುತ್ತೆ."

"ಕುಡಿಯೋಕೆ ಬರುತ್ತೆ, ಬ್ಯಾಟರಿಗೆ ಬರಲ್ವಾ?"

"ಬ್ಯಾಟರಿ ನಿಮಗಿಂತ ನಾಜೂಕು ಅಜ್ಜಿ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಅಂತ ಬಾಟ್ಲಿಯಲ್ಲಿ ಬರುತ್ತೆ. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತೆ. ಗೆರೆಯವರೆಗೆ ಮಾತ್ರ ಹಾಕಿ. ಆಸಿಡ್ ಮಾತ್ರ ಯಾವತ್ತೂ ನೀವೇ ಹಾಕಬೇಡಿ."

ಆ ಹುಡುಗ ಹೇಳಿದ್ದು ಸರಿ. ಇನ್ನೂ ಒಂದು ಮಾತು ಸೇರಿಸಬೇಕು. ಚಾರ್ಜ್ ಆಗುವಾಗ ಈ ಬ್ಯಾಟರಿಯಿಂದ ಒಂದು ಗಾಳಿ ಬರುತ್ತೆ. ಅದಕ್ಕೆ ಬೆಂಕಿ ತಗುಲಿದರೆ ಸಿಡಿಯುತ್ತೆ. ಆದ್ದರಿಂದ ಬ್ಯಾಟರಿಯನ್ನು ಮಂಚದ ಕೆಳಗೆ, ಮುಚ್ಚಿದ ಪೆಟ್ಟಿಗೆಯೊಳಗೆ ಇಡಬಾರದು. ಗಾಳಿ ಆಡುವ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ಹತ್ತಿರ ಬೀಡಿ ಹಚ್ಚಬಾರದು. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವವರೂ ಇದ್ದಾರೆ! ಕಣ್ಣಿಗೆ, ಮೈಗೆ ಆಸಿಡ್ ಸಿಡಿದರೆ ತಕ್ಷಣ ತುಂಬಾ ನೀರಿನಿಂದ ತೊಳೆಯಬೇಕು. ಕಣ್ಣಿಗಾದರೆ ತೊಳೆದ ಮೇಲೆ ಡಾಕ್ಟರ ಹತ್ತಿರ ಹೋಗಲೇಬೇಕು.

ಈಗ ಇನ್ನೊಂದು ಜಾತಿ ಬ್ಯಾಟರಿ ಬಂದಿದೆ. ಅದು ಲಿಥಿಯಂ ಬ್ಯಾಟರಿ. ನಮ್ಮ ಮೊಬೈಲ್ ಒಳಗೆ ಇರುವುದು ಅದೇ. 1991ರಲ್ಲಿ ಇದು ಮೊದಲು ಮಾರಾಟಕ್ಕೆ ಬಂತು. ಇದನ್ನು ಕಂಡುಹಿಡಿದ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಇದು ಹಗುರ. ನೀರು ಹಾಕುವ ಕೆಲಸ ಇಲ್ಲ. ಹೆಚ್ಚು ವರ್ಷ ಬಾಳುತ್ತೆ. ಕೊಳ್ಳುವಾಗ ದುಡ್ಡು ಜಾಸ್ತಿ, ಆದರೆ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತಾ ಬಂದಿದೆ. ಇದನ್ನು ಚುಚ್ಚಬಾರದು, ಬಿಚ್ಚಬಾರದು. ಉಬ್ಬಿದರೆ ಬಳಸಬಾರದು. ಬೆಂಕಿ ಹತ್ತಿಕೊಂಡರೆ ಆರಿಸುವುದು ಕಷ್ಟ.

ಲೆಕ್ಕ ಹಾಕೋಣ

ಸೋಲಾರ್ ಕೊಳ್ಳುವ ಮೊದಲು ಲೆಕ್ಕ ಹಾಕಬೇಕು. ಅಂಗಡಿಯವರು ಹಾಕಿದ ಲೆಕ್ಕ ಅಲ್ಲ, ನಾವೇ ಹಾಕಿದ ಲೆಕ್ಕ. ಗುಣಿಸುವುದು, ಕೂಡುವುದು ಬಂದರೆ ಸಾಕು.

ಬಲ್ಬಿನ ಮೇಲೆ ವ್ಯಾಟ್ ಎಷ್ಟು ಅಂತ ಬರೆದಿರುತ್ತೆ. ಅದನ್ನು ಗಂಟೆಯಿಂದ ಗುಣಿಸಬೇಕು.

ನಡುಮನೆ ಬಲ್ಬು 9 ವ್ಯಾಟ್, 5 ಗಂಟೆ. 9 × 5 = 45.
ಅಡುಗೆಮನೆ ಬಲ್ಬು 7 ವ್ಯಾಟ್, 3 ಗಂಟೆ. 7 × 3 = 21.
ಜಗಲಿಯ ಬಲ್ಬು 5 ವ್ಯಾಟ್, 2 ಗಂಟೆ. 5 × 2 = 10.
ಮೊಬೈಲ್ ಚಾರ್ಜಿಗೆ 20 ಅಂತ ಇಟ್ಟುಕೊಳ್ಳೋಣ.
ಒಟ್ಟು 96.

ಅಂದರೆ ಒಂದು ರಾತ್ರಿಗೆ ಸುಮಾರು 100. ಇಂಥ 1000 ಸೇರಿದರೆ ಒಂದು ಯೂನಿಟ್. ಹತ್ತು ರಾತ್ರಿ ಮನೆ ಬೆಳಗಿದರೂ ಒಂದೇ ಯೂನಿಟ್! ಹಿಂದಿನ ಬುರುಡೆ ಬಲ್ಬಿನ ಕಾಲದಲ್ಲಿ ಇದು ಆಗುತ್ತಿರಲಿಲ್ಲ. ಎಲ್‌ಇಡಿ ಬಲ್ಬು ಬಂದದ್ದರಿಂದಲೇ ಚಿಕ್ಕ ಸೋಲಾರ್ ಬಡವರ ಮನೆಗೂ ಸಾಕಾಗುವಂತಾಯಿತು.

ಈಗ ಬ್ಯಾಟರಿ. ಅದರ ಮೇಲೆ 12 ವೋಲ್ಟ್, 40 ಆಂಪಿಯರ್ ಅವರ್ ಅಂತ ಬರೆದಿದೆ ಅನ್ನೋಣ. 12 × 40 = 480. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯದಿದ್ದರೆ ಒಳ್ಳೆಯದು. ಹಾಗಾದರೆ ನಮಗೆ ಸಿಗುವುದು 240. ಎರಡು ರಾತ್ರಿಗೆ ಸಾಕು. ಒಂದು ದಿನ ಮೋಡ ಮುಚ್ಚಿದರೂ ದೀಪ ಉರಿಯುತ್ತೆ.

ಹಲಗೆ 75 ವ್ಯಾಟಿನದು. ಒಳ್ಳೆ ಬಿಸಿಲು 4 ಗಂಟೆ ಅಂದರೆ 75 × 4 = 300. ವೈರಿನಲ್ಲಿ, ಬ್ಯಾಟರಿಯಲ್ಲಿ ಸ್ವಲ್ಪ ಸೋರಿಹೋಗುತ್ತೆ. ಕೈಗೆ ಸಿಗುವುದು 200ಕ್ಕೆ ಸ್ವಲ್ಪ ಮೇಲೆ. ನಮ್ಮ ಖರ್ಚು 100. ಚಿಂತೆ ಇಲ್ಲ.

ಈಗ ಇದಕ್ಕೇ 40 ವ್ಯಾಟಿನ ಟೀವಿ ಸೇರಿಸಿ. ದಿನಕ್ಕೆ 4 ಗಂಟೆ. 40 × 4 = 160. ಹಳೆಯ 96 ಸೇರಿದರೆ 256. ಬರುವುದು 200 ಚಿಲ್ಲರೆ, ಹೋಗುವುದು 256. ಆದಾಯಕ್ಕಿಂತ ಖರ್ಚು ಜಾಸ್ತಿ. ಬ್ಯಾಟರಿ ಯಾವತ್ತೂ ತುಂಬುವುದೇ ಇಲ್ಲ. ಟೀವಿ ಬೇಕಾದರೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಕೊಳ್ಳುವಾಗಲೇ ಹೇಳಿ, ದೊಡ್ಡ ಹಲಗೆ, ದೊಡ್ಡ ಬ್ಯಾಟರಿ ಹಾಕಿಸಬೇಕು. ಮಲೆನಾಡಿನವರು ಮಳೆಗಾಲದ ಲೆಕ್ಕವನ್ನು ಬೇರೆಯೇ ಹಾಕಬೇಕು. ಅಲ್ಲಿ ಆಷಾಢದಲ್ಲಿ ದಿನಕ್ಕೆ 4 ಗಂಟೆ ಒಳ್ಳೆ ಬಿಸಿಲು ಎಲ್ಲಿ ಸಿಗುತ್ತೆ?

ದುಡ್ಡಿನ ಮಾತು ಬಂತು. ಕರ್ನಾಟಕದಲ್ಲಿ ಸೆಲ್ಕೋ ಎಂಬ ಸಂಸ್ಥೆ 1995ರಲ್ಲಿ ಶುರುವಾಯಿತು. ಹಳ್ಳಿಯ ಮನೆಗಳಿಗೆ, ಬೀದಿ ವ್ಯಾಪಾರಿಗಳಿಗೆ ಸೋಲಾರ್ ದೀಪ ಕೊಡುವುದು ಅದರ ಕೆಲಸ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರಿಗೆ ಸೋಲಾರ್ ಬೇಡವಾಗಿಲ್ಲ, ಒಟ್ಟಿಗೇ ದುಡ್ಡು ಕೊಡಲು ಆಗುವುದಿಲ್ಲ ಅನ್ನುವುದನ್ನು ಅವರು ಕಂಡುಕೊಂಡರು. ಸಂತೆಯಲ್ಲಿ ತರಕಾರಿ ಮಾರುವವರಿಗೆ ತಿಂಗಳಿಗೆ 300 ರೂಪಾಯಿ ಕಷ್ಟ. ದಿನಕ್ಕೆ 10 ರೂಪಾಯಿ ಕಷ್ಟವಲ್ಲ. ಲೆಕ್ಕ ಎರಡೂ ಒಂದೇ. ಆದರೆ ಕೈಯಲ್ಲಿ ದುಡ್ಡು ಓಡಾಡುವ ರೀತಿ ಬೇರೆ. ಬ್ಯಾಂಕಿನವರಿಗೆ ಇದನ್ನು ತಿಳಿಸಿ ಹೇಳುವುದಕ್ಕೇ ವರ್ಷಗಳು ಹಿಡಿದವು.

ಬ್ಯಾಟರಿ ಕೊಂಡಾಗ ಗ್ಯಾರಂಟಿ ಕಾರ್ಡ್ ಕೇಳಿ ಪಡೆಯಬೇಕು. ಅದರಲ್ಲಿ ತಾರೀಖು ಇದೆಯೇ? ಅಂಗಡಿಯ ಮೊಹರು ಇದೆಯೇ? ಬ್ಯಾಟರಿಯ ಮೇಲಿನ ನಂಬರೂ ಕಾರ್ಡಿನ ನಂಬರೂ ಒಂದೇ ಇದೆಯೇ? ನಿಂತು ಓದಬೇಕು. "ಆಮೇಲೆ ಬರೆದುಕೊಡ್ತೀನಿ" ಅಂದರೆ ಒಪ್ಪಬಾರದು.

ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆಯಬಾರದು. ಆಸಿಡ್ ಚರಂಡಿಗೆ ಸುರಿಯಬಾರದು. ಸೀಸ ವಿಷ. ಅದರ ಪುಡಿ ಮಣ್ಣಿಗೆ ಸೇರಿ, ಆಟವಾಡುವ ಮಕ್ಕಳ ಹೊಟ್ಟೆಗೆ ಹೋದರೆ ಮಕ್ಕಳ ಮಿದುಳಿಗೆ ಪೆಟ್ಟಾಗುತ್ತೆ. ಬ್ಯಾಟರಿ ಮಾಡುವ ಕಂಪನಿಗಳೇ ಹಳೆಯದನ್ನು ವಾಪಸು ಪಡೆಯುವ ಏರ್ಪಾಡು ಮಾಡಬೇಕು ಅಂತ 2022ರ ನಿಯಮ ಹೇಳುತ್ತೆ. ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿಮೆಯೂ ಮಾಡುತ್ತಾರೆ.

ಮಾಳಿಗೆಯ ಮೇಲಿನ ಸೋಲಾರ್

2024ರಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಒಂದು ಕೋಟಿ ಮನೆಗಳ ಮಾಳಿಗೆಗೆ ಸೋಲಾರ್ ಹಾಕಿಸುವುದು ಅದರ ಗುರಿ. ಒಂದು ಕಿಲೋವ್ಯಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಾದರೆ 78,000 ರೂಪಾಯಿ ಸಹಾಯಧನ ಅಂತ ಯೋಜನೆಯಲ್ಲಿ ಹೇಳಿದೆ. ಒಂದು ಕಿಲೋವ್ಯಾಟ್ ಹಲಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ.

ಈ ಬಗೆಯ ಸೋಲಾರಿಗೆ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಹಗಲು ಮಿಕ್ಕ ಕರೆಂಟು ಕಂಬದ ಲೈನಿಗೆ ಹೋಗುತ್ತೆ. ರಾತ್ರಿ ಲೈನಿನಿಂದ ನಮಗೆ ಬರುತ್ತೆ. ಮೀಟರು ಎರಡನ್ನೂ ಲೆಕ್ಕ ಇಡುತ್ತೆ. ಹಾಲಿನ ಡೇರಿಗೆ ಹಾಕಿ ಬರೆಸುವ ಹಾಗೆ.

ಇಲ್ಲಿ ಬಹಳ ಜನಕ್ಕೆ ಒಂದು ನಿರಾಸೆ ಆಗುತ್ತೆ. ಊರಿನ ಕರೆಂಟು ಹೋದರೆ ಈ ಸೋಲಾರೂ ನಿಲ್ಲುತ್ತೆ! ಮಾಳಿಗೆ ಮೇಲೆ ಸುಡು ಬಿಸಿಲು, ಮನೆಯೊಳಗೆ ಫ್ಯಾನಿಲ್ಲ. ಇದು ಕೆಟ್ಟು ಹೋದದ್ದಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಕರೆಂಟು ತೆಗೆದು ಲೈನ್‌ಮನ್ ಕಂಬ ಹತ್ತಿರುತ್ತಾನೆ. ಆಗ ನಮ್ಮ ಮಾಳಿಗೆಯ ಕರೆಂಟು ಲೈನಿಗೆ ಹೋದರೆ ಅವನ ಜೀವವೇ ಹೋಗುತ್ತೆ. ಕರೆಂಟು ಹೋದಾಗಲೂ ದೀಪ ಬೇಕು ಅನ್ನುವವರು ಬ್ಯಾಟರಿ ಇರುವ ಬಗೆಯನ್ನೇ ಕೇಳಿ ಹಾಕಿಸಬೇಕು. ಅದಕ್ಕೆ ಖರ್ಚು ಹೆಚ್ಚು. ಇದನ್ನು ಮಾರುವವರು ಮೊದಲೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನಾವೇ ಕೇಳಬೇಕು.

ರಾಜ್ಯಕ್ಕೂ ಹಗೇವು ಬೇಕು

ನಮ್ಮ ರಾಜ್ಯಕ್ಕೆ ಹಳೆಯ ಕರೆಂಟು ನೀರಿನದು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಆಮೇಲೆ ಕಲ್ಲಿದ್ದಲು ಬಂತು. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವುದು ಅದೇ. ಒಂದು ಯೂನಿಟ್ ಕರೆಂಟಿಗೆ ಮುಕ್ಕಾಲು ಕಿಲೋ ಹತ್ತಿರ ಕಲ್ಲಿದ್ದಲು ಬೇಕು. ಅದರ ಹೊಗೆಯಿಂದ ಗಾಳಿ ಕೆಡುತ್ತೆ, ಭೂಮಿಯ ಬಿಸಿ ಏರುತ್ತೆ. ಬಿಸಿ ಏರಿದರೆ ಮಳೆಯ ಲೆಕ್ಕ ತಪ್ಪುತ್ತೆ. ಅದಕ್ಕೇ ಎಲ್ಲ ದೇಶಗಳೂ ಬಿಸಿಲು, ಗಾಳಿಯ ಕಡೆ ತಿರುಗಿವೆ. 2025ರ ಶುರುವಿನಲ್ಲಿ ನಮ್ಮ ದೇಶದ ಸೋಲಾರ್ ಒಂದು ಲಕ್ಷ ಮೆಗಾವ್ಯಾಟ್ ದಾಟಿತು.

ಆದರೆ ಅದೇ ತೊಡಕು ಇಲ್ಲೂ ಇದೆ. ಮಧ್ಯಾಹ್ನ ಕರೆಂಟು ಹೆಚ್ಚು. ಸಂಜೆ ಏಳಕ್ಕೆ ಎಲ್ಲ ಮನೆಯಲ್ಲೂ ದೀಪ, ಟೀವಿ, ಮಿಕ್ಸಿ. ಸೂರ್ಯ ಮನೆಗೆ ಹೋಗಿಯಾಗಿದೆ. ಆಗ ಮತ್ತೆ ಕಲ್ಲಿದ್ದಲನ್ನೇ ಉರಿಸಬೇಕು.

ಒಂದು ದಾರಿ ಅಂದರೆ ಬೇಕಾದ ಕೆಲಸವನ್ನೇ ಹಗಲಿಗೆ ತರುವುದು. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಕೊಟ್ಟರೆ ರೈತ ಕತ್ತಲಲ್ಲಿ, ಹಾವು ಚೇಳಿನ ನಡುವೆ ಹೊಲಕ್ಕೆ ಹೋಗಬೇಕು. ಹಗಲು ಕೊಟ್ಟರೆ ಬಿಸಿಲಿನ ಕರೆಂಟು ನೇರವಾಗಿ ಬಳಕೆ ಆಗುತ್ತೆ. ಬ್ಯಾಟರಿಯೇ ಬೇಡ. 2019ರಲ್ಲಿ ಬಂದ ಕುಸುಮ್ ಯೋಜನೆಯ ಒಂದು ಭಾಗ ಇದೇ. ಎಲ್ಲಕ್ಕಿಂತ ಸಸ್ತಾ ದಾರಿ ಇದು ಅಂತ ನಮಗೆ ಕಾಣುತ್ತೆ.

ಎರಡನೆಯ ದಾರಿ ದೊಡ್ಡ ಬ್ಯಾಟರಿ. ಛತ್ತೀಸಗಡದ ರಾಜನಾಂದಗಾಂವ್‌ನಲ್ಲಿ 2024ರಲ್ಲಿ ಸೋಲಾರ್ ಜೊತೆಗೆ ಇಂಥದ್ದನ್ನು ಇಟ್ಟರು. ಅದು 40 ಮೆಗಾವ್ಯಾಟನ್ನು ಮೂರು ಗಂಟೆ ಕೊಡಬಲ್ಲದು. ಅಂದರೆ 1,20,000 ಯೂನಿಟ್.

ಮೂರನೆಯದು ನೀರಿನ ಹಗೇವು. ಹಗಲು ಮಿಕ್ಕ ಕರೆಂಟಿನಿಂದ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಎತ್ತುವುದು. ಸಂಜೆ ಅದನ್ನೇ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಎತ್ತಲು 100 ಯೂನಿಟ್ ಹಾಕಿದರೆ 75ರಿಂದ 80 ವಾಪಸು ಬರುತ್ತೆ. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 900 ಮೆಗಾವ್ಯಾಟಿನದು ಇದೆ. ನಮ್ಮಲ್ಲಿ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಯೋಜನೆ ಹಾಕಿದ್ದಾರೆ. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪ. ಆದರೆ ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ. ಕಾಡು ಕಡಿಯಬೇಕಾಗುತ್ತೆ, ಗುಡ್ಡ ಕೊರೆಯಬೇಕಾಗುತ್ತೆ ಅಂತ ಅಲ್ಲಿಯ ಜನ, ಪರಿಸರದವರು ವಿರೋಧ ಮಾಡಿದ್ದಾರೆ. ಒಂದು ಸಲ ಲಿಂಗನಮಕ್ಕಿಗೆ ಮನೆ ಮಠ ಬಿಟ್ಟ ನಾಡು ಅದು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಪಾವಗಡದಲ್ಲಿ

ತುಮಕೂರು ಜಿಲ್ಲೆಯ ಪಾವಗಡ ಬರದ ತಾಲ್ಲೂಕು. ಕಡಲೆಕಾಯಿ ಬಿತ್ತಿ ಮುಗಿಲು ನೋಡುವ ಊರುಗಳು. ಕೂಲಿಗಾಗಿ ಜನ ಬೆಂಗಳೂರಿಗೆ ಹೋಗುತ್ತಿದ್ದರು. ಅಲ್ಲಿಯ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಊರುಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಗಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. 2019ರ ಕೊನೆಗೆ 2050 ಮೆಗಾವ್ಯಾಟ್ ಪೂರ್ತಿ ಆಯಿತು. ಆಗ ಅದು ಜಗತ್ತಿನ ದೊಡ್ಡ ಪಾರ್ಕುಗಳಲ್ಲಿ ಒಂದು.

ಇಲ್ಲಿ ಸರ್ಕಾರ ಜಮೀನನ್ನು ಕಿತ್ತುಕೊಳ್ಳಲಿಲ್ಲ. ಕೊಳ್ಳಲೂ ಇಲ್ಲ. ಗುತ್ತಿಗೆಗೆ ಪಡೆಯಿತು. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ.

ಇದನ್ನೂ ಲೆಕ್ಕ ಹಾಕೋಣ. ಮೂರು ಎಕರೆ ಇದ್ದವರಿಗೆ 21,000 × 3 = 63,000. ತಿಂಗಳಿಗೆ 5,250. ಎರಡು ವರ್ಷ ಆದ ಮೇಲೆ ಎಕರೆಗೆ 1,050 ಏರಿ 22,050 ಆಗುತ್ತೆ. ಮಳೆ ಬಂದರೂ ಬಾರದಿದ್ದರೂ ಈ ದುಡ್ಡು ಬರುತ್ತೆ. ಬೀಜ ಗೊಬ್ಬರದ ಸಾಲ ಇಲ್ಲ. ಹತ್ತಾರು ಎಕರೆ ಇದ್ದವರ ಬದುಕು ಹಸನಾಯಿತು. ಹೊಸ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಭೂಮಿ ಬಿಟ್ಟುಕೊಡದೆ ಬಾಡಿಗೆ ಪಡೆಯುವ ಈ ರೀತಿಯನ್ನು ಬೇರೆ ರಾಜ್ಯದವರೂ ಬಂದು ನೋಡಿದರು. ಹಳೆಯ ಭೂಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು.

ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರು ಇದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸರಿಗೆ ಪಹಣಿ ಇಲ್ಲ. ಹೊಲ ಇಲ್ಲದ ಮೇಲೆ ಕೂಲಿಯೂ ಇಲ್ಲ. ಕುರಿ ಮೇಯಿಸುತ್ತಿದ್ದವರಿಗೆ ಬೀಳು ಭೂಮಿಗೆ ಬೇಲಿ ಬಿತ್ತು. ಪಾರ್ಕಿನಲ್ಲಿ ಕೆಲವರಿಗೆ ಹಲಗೆ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಸೋಲಾರ್ ಪಾರ್ಕು ಕಟ್ಟುವಾಗ ಸಾವಿರಾರು ಜನ ಬೇಕು. ಕಟ್ಟಿ ಮುಗಿದ ಮೇಲೆ ಅಷ್ಟು ಜನ ಬೇಕಾಗುವುದಿಲ್ಲ. ಬಿಸಿಲು ಕೂಲಿ ಕೇಳದೆ ದುಡಿಯುತ್ತೆ ಅಲ್ವಾ?

ಗುತ್ತಿಗೆಯ ಕರಾರು ಪತ್ರ ಬಹಳ ವರ್ಷದ್ದು. ಇಂಥ ಪತ್ರ ನಾಳೆ ನಮ್ಮೂರಿಗೂ ಬರಬಹುದು. ಗಾಳಿಗಿರಣಿಗೆ ಬರಬಹುದು, ಬ್ಯಾಟರಿ ಇಡುವ ಜಾಗಕ್ಕೆ ಬರಬಹುದು. ಎಷ್ಟು ವರ್ಷ, ಎಕರೆಗೆ ಎಷ್ಟು, ಏರಿಕೆ ಯಾವಾಗ ಎಂಬುದನ್ನು ಅದರಲ್ಲಿ ಹುಡುಕಿ ಓದಬೇಕು. ಕಂಪನಿ ನಡುವೆ ಬಿಟ್ಟುಹೋದರೆ ಯಾರು ಕೊಡುತ್ತಾರೆ? ಅವಧಿ ಮುಗಿದ ಮೇಲೆ ನೆಲದಲ್ಲಿ ಹೂತ ಕಾಂಕ್ರೀಟು ಕಂಬಗಳನ್ನು ಯಾರು ಕೀಳುತ್ತಾರೆ? ಮನೆಯ ಹೆಂಗಸಿನ ಹೆಸರು ಪಹಣಿಯಲ್ಲಿ ಇದೆಯೇ? ಗ್ರಾಮಸಭೆಯಲ್ಲಿ ಇದೆಲ್ಲ ಓದಿ ಹೇಳಿ ಅಂತ ಕೇಳುವ ಹಕ್ಕು ನಮಗಿದೆ. ಜಮೀನು ಇಲ್ಲದವರೂ ಆ ಸಭೆಯ ಸದಸ್ಯರೇ. ನಮಗೆ ಯಾವ ಕೆಲಸ, ಎಷ್ಟು ದಿನ ಅಂತ ಅವರು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬರೆದದ್ದನ್ನು ಒಮ್ಮೆ ಓದಿ ನೋಡಿ, ಆಮೇಲೆ ಸಹಿ ಹಾಕಬೇಕು.